ಆಲೆ ಮರದ ದೆವ್ವದ ದಂಡು

ಪುಟ್ಟ ಸೈನಿಕರನ್ನು ನಿಲ್ಲಿಸಿ, ಅಳತೆ ಹಿಡಿದು ನಡೆಸಿ ಯುದ್ಧವಾಡುವ ಆಟ ನಿನ್ನೆ ಮೊನ್ನೆಯದಲ್ಲ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1913ರಲ್ಲೇ ಇದಕ್ಕೊಂದು ನಿಯಮದ ಪುಸ್ತಕ ಬರೆದರು. 1983ರಲ್ಲಿ ಇಂಗ್ಲೆಂಡಿನಲ್ಲಿ ಬಂದ ‘ವಾರ್‌ಹ್ಯಾಮರ್’ ರಾಕ್ಷಸರನ್ನೂ ಸತ್ತು ಎದ್ದವರನ್ನೂ ಕಣಕ್ಕಿಳಿಸಿತು. ಎಂಟನೇ ತರಗತಿಯ ನನ್ನ ಮೊಮ್ಮಗನಿಗೆ ಬೇಕಾದದ್ದು ಅದರಲ್ಲಿನ ದೆವ್ವದ ದಂಡು. ಆ ಪ್ಲಾಸ್ಟಿಕ್ ಗೊಂಬೆಗಳ ಬೆಲೆ ಕೇಳಿ ನನಗೇ ದೆವ್ವ ಬಡಿದಂತಾಯಿತು.

ಆದರೆ ಮಕ್ಕಳೇ, ನಾವಿರುವುದು ಚನ್ನಪಟ್ಟಣದಲ್ಲಿ! ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೇ ಬಣ್ಣ ಕರಗಿ ಹತ್ತುವ ಊರು ಇದು. ಪರಿಚಯದ ಕೆಲಸಗಾರರೊಬ್ಬರಿಂದ ಹೆಬ್ಬೆರಳುದ್ದದ ಹನ್ನೆರಡು ಗೊಂಬೆ ತಂದೆವು. ಅರಗು ಹಚ್ಚದವು, ಏಕೆಂದರೆ ಆ ನುಣುಪಿನ ಮೇಲೆ ಬೇರೆ ಬಣ್ಣ ನಿಲ್ಲದು. ಆಲೆ ಮರ ಹುಟ್ಟಾ ದಂತದ ಬಿಳುಪು, ದೆವ್ವಕ್ಕೆ ಹೇಳಿ ಮಾಡಿಸಿದ್ದು. ನನ್ನ ಹಳೇ ಪಂಚೆಯ ಚೂರುಗಳನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಹೊದಿಸಿ, ಗಾಳಿಗೆ ಹಾರಿದಂತೆ ಕಡ್ಡಿಯಿಂದ ಎತ್ತಿ ಒಣಗಿಸಿದೆವು. ತೆಳುವಾದ ಕಪ್ಪು-ಹಸಿರು ಬಣ್ಣ ಬಿಟ್ಟರೆ ಮಡಿಕೆಗಳಿಗೆ ಇಳಿಯುತ್ತದೆ. ಒಣಗಿದ ಮೇಲೆ ಕುಂಚಕ್ಕೆ ಬಿಳಿ ಮುಟ್ಟಿಸಿ, ಬಟ್ಟೆಗೆ ಒರೆಸಿ, ಅಂಚುಗಳಿಗಷ್ಟೇ ಸವರಬೇಕು. ಕಾಲು ಬಿಡಿಸುವ ತಾಪತ್ರಯವಿಲ್ಲ!

“ಇವು ಯಾರ ದೆವ್ವಗಳೋ?” ನಮ್ಮಾಕೆ ಕೇಳಿದಳು.

“ಸಾವನದುರ್ಗದವು ಅಜ್ಜಿ.”

ಮಾಗಡಿ ಬಳಿಯ ಆ ಬಂಡೆಕೋಟೆಯನ್ನು 1791ರ ಡಿಸೆಂಬರ್‌ನಲ್ಲಿ ಕಾರ್ನ್‌ವಾಲಿಸ್‌ನ ಸೇನೆ ಟಿಪ್ಪುವಿನಿಂದ ಕಿತ್ತುಕೊಂಡಿತು. ಕೋಟೆ ಕಾಯ್ದವರಲ್ಲಿ ಬಹಳ ಮಂದಿ ಅಲ್ಲೇ ಸತ್ತರು.

“ಅವರೂ ಯಾರದೋ ಮನೆ ಮಕ್ಕಳು ಕಣಪ್ಪ. ಆಟಕ್ಕೆ ಅಂತ ಇನ್ನೊಂದ್ಸಲ ಸಾಯಿಸ್ತೀಯಾ?”

ಹುಡುಗ ಎರಡು ದಿನ ಕುಂಚ ಮುಟ್ಟಲಿಲ್ಲ. ನಾನೂ ಸುಮ್ಮನಿದ್ದೆ. ಹೆಂಡತಿ ಹೇಳಿದ್ದರಲ್ಲಿ ತಪ್ಪೇನಿತ್ತು? ಮೂರನೆಯ ದಿನ ಅವನೇ ನಿಯಮ ಬದಲಿಸಿದ. ಈ ದಂಡು ಕೊಲ್ಲುವುದಿಲ್ಲ, ಸಾಯುವುದೂ ಇಲ್ಲ. ರಟ್ಟಿನ ಕೋಟೆಗೋಡೆಗಳ ಮೂಲಕ ಹಾದು, ಮೇಜಿನ ಆಚೆ ಅಂಚು ಸೇರಬೇಕು. ಅಂಚೆಂದರೆ ಅವರವರ ಮನೆ. ಎದುರಾಳಿಯ ಕಾವಲುಗಾರರು ಚೆಸ್ ಕಾಯಿಗಳು. ಅವರು ಅಡ್ಡ ಬಂದಾಗ ದಾಳದಲ್ಲಿ ಐದೋ ಆರೋ ಬಿದ್ದರೆ ದೆವ್ವ ಹೊರಟಲ್ಲಿಗೇ ವಾಪಸ್ಸು. ಹತ್ತು ಸುತ್ತಿನೊಳಗೆ ಅರ್ಧಕ್ಕಿಂತ ಹೆಚ್ಚು ದೆವ್ವ ಮನೆ ಸೇರಿದರೆ ಗೆಲುವು.

ನಿಮ್ಮೂರಲ್ಲಿ ಇಂಥ ಗೊಂಬೆ ಸಿಗದಿದ್ದರೆ ಖಾಲಿ ದಾರದ ರೀಲೂ ಆದೀತು. ಐದಾರರಿಂದ ಶುರುಮಾಡಿ, ಒಮ್ಮೆಗೇ ಐವತ್ತು ಬೇಡ.

ಮೊದಲ ಆಟದಲ್ಲಿ ನಮ್ಮವು ಏಳು ಮನೆ ಮುಟ್ಟಿದವು. ಉಳಿದ ಐದನ್ನು ಭಾನುವಾರ ತಾನೇ ನಡೆಸುತ್ತೇನೆಂದು ಅಜ್ಜಿ ಹೇಳಿದ್ದಾಳೆ. ಕಾವಲುಗಾರರ ಕಡೆ ನಾನೊಬ್ಬನೇ.