ಆರತಕ್ಷತೆಯ ಕಚೇರಿ

ಮದುವೆಯ ಆರತಕ್ಷತೆಯಲ್ಲಿ ಹಾಡುವುದೆಂದರೆ ನಮ್ಮ ಸಂಗೀತಗಾರರಲ್ಲಿ ಅನೇಕರಿಗೆ ಒಳಗೊಳಗೇ ಒಂದು ಬಗೆಯ ಸಂಕೋಚ. ಸಭೆಯ ಕಚೇರಿಯನ್ನು ಹತ್ತು ಜನರಲ್ಲಿ ಹೇಳಿಕೊಳ್ಳುವವರು ಇದನ್ನು ಹೇಳಿಕೊಳ್ಳುವುದಿಲ್ಲ. ಆದರೆ ಮನೆಯ ಬಾಡಿಗೆ, ಮಕ್ಕಳ ಶಾಲೆಯ ಶುಲ್ಕ ಎಷ್ಟೋ ಕಡೆ ಸಲ್ಲುವುದು ಈ ಸಂಭಾವನೆಯಿಂದಲೇ. ಪಿಟೀಲು ಹಿಡಿದು ಇಂತಹ ವೇದಿಕೆಗಳಲ್ಲಿ ಬಹುಕಾಲ ಕುಳಿತವನಾದ್ದರಿಂದ, ಅಲ್ಲಿ ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಮೊದಲು ವಾಲಗದವರನ್ನು ನೋಡಬೇಕು. ಮುಹೂರ್ತದ ಹೊತ್ತಿನಲ್ಲಿ ನಾಗಸ್ವರ ನುಡಿಸುವವರ ಕಿವಿ ಶ್ರುತಿಯ ಮೇಲಿದ್ದರೂ ಕಣ್ಣು ಪುರೋಹಿತರ ಕೈಯ ಮೇಲಿರುತ್ತದೆ. ಆ ಕೈ ಮೇಲೆದ್ದೊಡನೆ ಆಲಾಪನೆ ಯಾವ ಘಟ್ಟದಲ್ಲಿದ್ದರೂ ಬಿಟ್ಟು ಗಟ್ಟಿಮೇಳಕ್ಕೆ ಏರುತ್ತಾರೆ. ಮಾಂಗಲ್ಯಧಾರಣೆಯ ಕ್ಷಣದಲ್ಲಿ ಸೀನು, ಅಳು, ಒರಟು ಮಾತು ವಧೂವರರ ಕಿವಿಗೆ ಬೀಳಬಾರದೆಂಬುದು ಅದರ ಉದ್ದೇಶ. ಸೊಗಸಾದ ರಾಗವೊಂದು ಅರ್ಧಕ್ಕೆ ನಿಂತಿತೆಂದು ಅವರು ಮುಖ ಗಂಟಿಕ್ಕುವುದಿಲ್ಲ. ಮುಖಾರಿ, ಆಹಿರಿಗಳನ್ನು ಮಂಟಪದ ಬಳಿಗೆ ತರುವುದಿಲ್ಲ. ಆನಂದಭೈರವಿಯನ್ನೂ ಕಲ್ಯಾಣಿಯನ್ನೂ ಮನಸಾರೆ ನುಡಿಸುತ್ತಾರೆ. ಸಂದರ್ಭವನ್ನು ಅರಿತು ನುಡಿಸುವುದು ಕೀಳು ವಿದ್ಯೆಯೆಂದು ಯಾರೂ ತಿಳಿಯಬೇಕಾಗಿಲ್ಲ. 2001ರಲ್ಲಿ ಭಾರತರತ್ನ ಪಡೆದ ಉಸ್ತಾದ್ ಬಿಸ್ಮಿಲ್ಲಾ ಖಾನರ ಕೈಯಲ್ಲಿದ್ದ ಶಹನಾಯಿಯೂ ಮದುವೆಮನೆಯ ವಾದ್ಯವೇ ಅಲ್ಲವೆ?

ಆರತಕ್ಷತೆಯಲ್ಲಿ ಕಣ್ಣಿಟ್ಟು ನೋಡಲು ಪುರೋಹಿತರ ಕೈ ಇರುವುದಿಲ್ಲ. ಎಲ್ಲವನ್ನೂ ಹಾಡುವವರೇ ಗಮನಿಸಿಕೊಳ್ಳಬೇಕು. ಅತಿಥಿಗಳು ಉಡುಗೊರೆ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಹಲವು ವರ್ಷಗಳ ಮೇಲೆ ಭೇಟಿಯಾದ ಅಕ್ಕತಂಗಿಯರು ಮೊದಲ ಸಾಲಿನಲ್ಲೇ ಮಾತಿಗೆ ಕುಳಿತಿರುತ್ತಾರೆ. ಅವರು ಬಂದಿರುವುದು ನಮ್ಮನ್ನು ಕೇಳಲು ಅಲ್ಲ. ಇದನ್ನು ಒಪ್ಪಿಕೊಳ್ಳಲಾರದವರು ಮುಂಗಡ ಹಣ ಪಡೆಯಬಾರದು. ವಿದ್ವಾಂಸರೊಬ್ಬರು ಹಾಡನ್ನು ನಿಲ್ಲಿಸಿ, ಸಭಿಕರಿಗೆ ಸಂಸ್ಕಾರವಿಲ್ಲವೆಂದು ಧ್ವನಿವರ್ಧಕದಲ್ಲೇ ಗದರಿಸಿದ್ದನ್ನು ನಾನು ಪಕ್ಕದಲ್ಲಿ ಕುಳಿತು ಕಂಡಿದ್ದೇನೆ. ಹುಡುಗಿಯ ತಂದೆ ವೇದಿಕೆಯ ಕೆಳಗೆ ಬಂದು ಕೈಮುಗಿದು ನಿಂತರು. ಮಗಳ ಮದುವೆಯ ದಿನ ಮನುಷ್ಯನೊಬ್ಬನನ್ನು ಹಾಗೆ ನಿಲ್ಲಿಸುವ ಹಕ್ಕು ಯಾವ ವಿದ್ವತ್ತಿಗೂ ಇಲ್ಲ.

ನನ್ನ ಮಟ್ಟಿಗೆ ಧ್ವನಿಯ ಹದವೇ ಇಲ್ಲಿ ಮೊದಲ ಮರ್ಯಾದೆ. 2000ದ ಶಬ್ದಮಾಲಿನ್ಯ ನಿಯಮಗಳು ತೆರೆದ ಸ್ಥಳದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿಷೇಧಿಸುತ್ತವೆ; ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಮಿತಿಯನ್ನೂ ಹಾಕಿವೆ. ಆದರೆ ಸಂಜೆ ಏಳು ಗಂಟೆಗೆ ಛತ್ರದೊಳಗೆ ಸ್ಪೀಕರಿನ ಎದುರು ಕುಳಿತ ಅಜ್ಜಿಯ ಪಾಡೇನು? ಪೆಟ್ಟಿಗೆಗಳನ್ನು ಕುರ್ಚಿಗಳ ಕಡೆಗಲ್ಲದೆ ಓರೆಯಾಗಿ ತಿರುಗಿಸಿಡಬೇಕು. ಅತಿಥಿಗಳು ಬರುವ ಮುನ್ನವೇ ಶ್ರುತಿ, ಮೈಕು ಎರಡನ್ನೂ ಸರಿಮಾಡಿಕೊಂಡಿರಬೇಕು. ಮೂರನೆಯ ಸಾಲಿನಲ್ಲಿ ಪಿಸುಮಾತಲ್ಲದಿದ್ದರೂ ಸಾಧಾರಣ ಮಾತು ಕೇಳಿಸಬೇಕು, ಅದೇ ಅಳತೆ.

ಹಾಡಿನ ಆಯ್ಕೆಯಲ್ಲಿಯೂ ಎಚ್ಚರ ಬೇಕು. ರಾಗ ತಾನ ಪಲ್ಲವಿಗೆ ಇದು ಸ್ಥಳವಲ್ಲ. ಹೆಣ್ಣೊಪ್ಪಿಸುವ ಹಾಡು ಎಷ್ಟೇ ಸೊಗಸಾಗಿದ್ದರೂ, ನಗುನಗುತ್ತಾ ಅತಿಥಿಗಳನ್ನು ಎದುರುಗೊಳ್ಳುತ್ತಿರುವ ತಾಯಿಯ ಮುಂದೆ ಹಾಡುವುದು ನನಗೆ ಸರಿಕಾಣದು. ಚಲನಚಿತ್ರಗೀತೆ ಕೇಳಿ ಚೀಟಿ ಬಂದರೆ, ಬರುವುದಾದರೆ ಹಾಡಬೇಕು. ಬಾರದಿದ್ದರೆ ಹಗುರವಾಗಿ ನಕ್ಕು ಹಾಗೆಂದು ಹೇಳಬೇಕು. ಇಂತಹ ಹಾಡಿಗೆ ಪರವಾನಗಿ ಬೇಕೆಂದು ಯಾರಾದರೂ ಮನೆಯವರನ್ನು ಹೆದರಿಸಿದರೆ, ಮದುವೆಗೆ ಸಂಬಂಧಿಸಿದ ಸಂಭ್ರಮಗಳಲ್ಲಿನ ಸಂಗೀತಕ್ಕೆ ಕೃತಿಸ್ವಾಮ್ಯ ಕಾಯಿದೆಯಲ್ಲಿಯೇ ವಿನಾಯಿತಿ ಉಂಟೆಂದು ತಿಳಿಸಬಹುದು. 2023ರ ಜುಲೈನಲ್ಲಿ ಕೇಂದ್ರ ಸರ್ಕಾರವೂ ಪ್ರಕಟಣೆ ಹೊರಡಿಸಿ ಇದನ್ನೇ ಹೇಳಿತು.

ಹಣದ ಮಾತು ಮೊದಲೇ ಮುಗಿದಿರಬೇಕು. ಎಷ್ಟು ಜನ, ಎಷ್ಟು ಹೊತ್ತು, ಹೋಗಿಬರಲು ವಾಹನ ಯಾರದು, ಎಲ್ಲವೂ ಕಾಗದದ ಮೇಲಿದ್ದರೆ ಸ್ನೇಹ ಕೆಡುವುದಿಲ್ಲ. ಬೀಗರ ಮುಂದೆ ನಿಂತು ಲೆಕ್ಕ ಕೇಳುವುದಕ್ಕಿಂತ ನಾಚಿಕೆಯ ಕೆಲಸ ಮತ್ತೊಂದಿಲ್ಲ.

ಗಂಡುಹೆಣ್ಣು ಊಟಕ್ಕೆ ಎದ್ದಾಗ ಕಚೇರಿಯೂ ಮುಗಿಯಬೇಕು. ಕುರ್ಚಿಗಳು ಬರಿದಾಗಿದ್ದರೂ ಮಂಗಳ ಹಾಡದೆ ಏಳಬಾರದು; ಎರಡು ನಿಮಿಷ ಸಾಕು. ಆ ಹೊತ್ತಿಗೆ ಕೊನೆಯ ಪಂಕ್ತಿ ಕೂರುತ್ತಿರುತ್ತದೆ. ಮೃದಂಗದವರಿಗೂ ಘಟದವರಿಗೂ ಅದರಲ್ಲಿ ಎಲೆ ಹಾಕಿಸಿದ್ದಾರೆಯೇ ಎಂದು ಹಾಡಿದವರು ತಾವು ಕೈತೊಳೆಯುವ ಮುನ್ನ ಹೋಗಿ ನೋಡಿಬರಬೇಕು.