ಕೇಳಬಾರದ ಮಾತು

ಗಂಡಸಿನ ಸಂಬಳವನ್ನೂ ಹೆಂಗಸಿನ ವಯಸ್ಸನ್ನೂ ಕೇಳಬಾರದೆಂಬುದು ನಮ್ಮ ಮನೆಗಳಲ್ಲಿ ಸಭ್ಯತೆಯ ಪಾಠ. ಹೆಂಗಸಿಗೂ ಸಂಬಳವುಂಟೆಂಬುದು ಈ ಮಾತನ್ನು ಕಟ್ಟಿದವರಿಗೆ ಹೊಳೆದಿರಲಾರದು.

ಕೆಲವು ವರ್ಷಗಳ ಹಿಂದೆ ನಾನು ಖಾಸಗಿ ಕಾಲೇಜೊಂದರಲ್ಲಿ ಕನ್ನಡ ಬೋಧಿಸುತ್ತಿದ್ದೆ. ನನ್ನೊಡನೆಯೇ ಸೇರಿದ ಮಹಿಳೆಯೊಬ್ಬರಿಗೂ ನನ್ನದೇ ಪದವಿ, ನನ್ನಷ್ಟೇ ತರಗತಿಗಳು. ಒಂದು ಮಧ್ಯಾಹ್ನ ಆಕೆ, “ನಿಮಗೆಷ್ಟು ಕೊಡುತ್ತಾರೆ?” ಎಂದು ಕೇಳಿದರು. “ಎಲ್ಲರಿಗೂ ಕೊಡುವಷ್ಟೇ” ಎಂದು ನಕ್ಕುಬಿಟ್ಟೆ. ಆಕೆಯ ಸಂಬಳ ನನ್ನದಕ್ಕಿಂತ ಕಡಿಮೆಯೆಂಬುದನ್ನು ಗುಮಾಸ್ತರ ಮೇಜಿನ ಮೇಲಿದ್ದ ಪಟ್ಟಿಯಲ್ಲಿ ಆಗಲೇ ಕಂಡಿದ್ದೆ. ಸಭ್ಯತೆಯ ಹೆಸರಿನಲ್ಲಿ ನಾನಾಡಿದುದು ಸುಳ್ಳು. ವರ್ಷ ಮುಗಿಯುವ ಮುನ್ನ ಆಕೆ ಕೆಲಸ ಬಿಟ್ಟು ಹೋದರು.

ಇದು ಮತ್ತೆ ನೆನಪಾದುದು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನ ಪಾಲಬಾವಿಯ ಕಡೆಗೆ ಹೋಗಿದ್ದಾಗ. ಆ ಕಬ್ಬಿನ ಸೀಮೆಯಲ್ಲಿ ಪಗಾರದ ಮಾತಿಗೆ ಮುಚ್ಚುಮರೆಯಿಲ್ಲ. ಹೆಣ್ಣಾಳಿನದು ಒಂದು ದರ, ಗಂಡಾಳಿನದು ಇನ್ನೊಂದು, ಊರಿಗೆಲ್ಲ ಗೊತ್ತು. ಅಲ್ಲಿ ತಾರತಮ್ಯವು ರೂಢಿಯ ಬಲದಿಂದ ಉಳಿದಿದೆ. ನಮ್ಮ ಕಚೇರಿಗಳಲ್ಲಿ ಮೌನದ ಬಲದಿಂದ.

ಕಾನೂನು ಇಲ್ಲದಿಲ್ಲ. ಸಮಾನ ದುಡಿಮೆಗೆ ಸಮಾನ ವೇತನವೆಂಬುದು ಸಂವಿಧಾನದ 39ನೆಯ ವಿಧಿಯ ನಿರ್ದೇಶನ. 1976ರಲ್ಲಿ ಅದಕ್ಕೊಂದು ಕಾಯ್ದೆ ಬಂದಿತು; ಅದರ ಸಾರ 2019ರ ವೇತನ ಸಂಹಿತೆಯೊಳಗೆ ಸೇರಿತು. ಆದರೆ ಪಕ್ಕದವನಿಗೆಷ್ಟು ಸಲ್ಲುತ್ತಿದೆಯೆಂದೇ ಅರಿಯದವಳು ಏನೆಂದು ದೂರು ಕೊಡಬೇಕು?

1994ರಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಸರಕಾರಿ ಕಾಮಗಾರಿಗಳ ಲೆಕ್ಕವನ್ನು ಹಳ್ಳಿಗರೆದುರು ಗಟ್ಟಿಯಾಗಿ ಓದಿಸಿದರು. ದುಡಿಯದವರ ಹೆಸರಿನಲ್ಲಿ ಬರೆದ ಕೂಲಿ ಬಯಲಾಯಿತು. ಆ ಪಾಠವನ್ನು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ ಕಲಿತಿತು: ದರ ಒಂದೇ, ಹಾಜರಿಪಟ್ಟಿ ಎಲ್ಲರ ಕಣ್ಣಿಗೂ ತೆರೆದದ್ದು. 2025ರ ಏಪ್ರಿಲ್‌ನಲ್ಲಿ ಕರ್ನಾಟಕಕ್ಕೆ ಗೊತ್ತುಪಡಿಸಿದ ದರ ದಿನಕ್ಕೆ 370 ರೂಪಾಯಿ. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಹೊಲದಲ್ಲಿ ‘ಹೆಣ್ಣಾಳು’ ಎನಿಸಿಕೊಂಡವಳು ಆ ಪಟ್ಟಿಯಲ್ಲಿ ಬರಿಯ ‘ಆಳು’, ಯಾರಿಗಿಂತಲೂ ಕಡಿಮೆಯಲ್ಲ.

ಕೆರೆಯ ಹೂಳೆತ್ತುವವರಿಗೆ ಸಂದ ಈ ನ್ಯಾಯ ಓದಿದವರ ಕಚೇರಿಗೇಕೆ ಬರಬಾರದು? ಮಗಳು ಮೊದಲ ಸಂಬಳ ತಂದ ದಿನ ಸಿಹಿ ಹಂಚಿರಿ; ಜೊತೆಗೆ, “ನಿನ್ನ ಪಕ್ಕದ ಹುಡುಗನಿಗೆಷ್ಟು?” ಎಂದೂ ಕೇಳಿರಿ. ನನ್ನನ್ನು ಯಾರಾದರೂ ಕೇಳಿದರೆ ಈಗ ನಾನು ನಗುವುದಿಲ್ಲ, ಮೊತ್ತವನ್ನೇ ಹೇಳುತ್ತೇನೆ.