ಆಟಗಾರ್ತಿಯ ಮೊಣಕಾಲು

ಮಣಿಪುರದ ಬಾಲಾದೇವಿ 2020ರ ಜನವರಿಯಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ತಂಡವನ್ನು ಸೇರಿ, ವಿದೇಶದಲ್ಲಿ ವೃತ್ತಿಪರ ಒಪ್ಪಂದ ಪಡೆದ ಭಾರತದ ಪ್ರಥಮ ಫುಟ್‌ಬಾಲ್ ಆಟಗಾರ್ತಿಯೆನಿಸಿದರು. ಡಿಸೆಂಬರಿನಲ್ಲಿ ಅಲ್ಲಿ ಮೊದಲ ಗೋಲು ಗಳಿಸಿದರು. ಅನಂತರ ಮೊಣಕಾಲಿನ ಅಸ್ಥಿರಜ್ಜು ಹರಿದು ದೀರ್ಘಕಾಲ ಆಟದಿಂದ ದೂರವಿರಬೇಕಾಯಿತು. ಆದರೂ ಮರಳಿ ಬಂದು 2024ರಲ್ಲಿ ಭಾರತಕ್ಕಾಗಿ ತಮ್ಮ 50ನೆಯ ಗೋಲು ಗಳಿಸಿದರು.

ಈ ಗಾಯವು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಮೂರು ಪಟ್ಟು ಅಧಿಕ. ಜಿಗಿದು ಇಳಿಯುವಾಗ, ಓಡುತ್ತ ಥಟ್ಟನೆ ತಿರುಗುವಾಗ ಮೊಣಕಾಲು ಒಳಕ್ಕೆ ವಾಲುವುದು ಇದಕ್ಕೆ ಒಂದು ಮುಖ್ಯ ಕಾರಣ. ಸುಶ್ರುತಾಚಾರ್ಯರು ಮೊಣಕಾಲನ್ನು ಜಾನುಮರ್ಮವೆಂದು ಕರೆದು, ಅಲ್ಲಿ ಪೆಟ್ಟಾದರೆ ಕುಂಟುತನ ಬರುವುದೆಂದು ಎಚ್ಚರಿಸಿದ್ದಾರೆ.

ಉದ್ಯಾವರ, ಕಾಪು ಕಡೆಯ ತಂದೆತಾಯಿಯರು ಇಷ್ಟನ್ನು ಗಮನಿಸಬೇಕು:

ಆಟಕ್ಕೆ ಮುನ್ನ ಇಪ್ಪತ್ತು ನಿಮಿಷ ಮೈ ಬೆಚ್ಚಗಾಗಿಸುವ, ತೊಡೆ ಮತ್ತು ಸೊಂಟವನ್ನು ಬಲಪಡಿಸುವ, ಸಮತೋಲನ ಕಲಿಸುವ ವ್ಯಾಯಾಮ ಇರಲಿ.

ಹುರುಳಿ, ರಾಗಿ, ಹರಿವೆ ಸೊಪ್ಪು, ಹಾಲು ನಿತ್ಯದ ಊಟದಲ್ಲಿರಲಿ. ಮುಟ್ಟು ತಪ್ಪಿದರೆ ಅಲಕ್ಷಿಸದಿರಿ. ಆಹಾರ ಸಾಲದೆಂಬ ಸೂಚನೆ ಅದಾಗಿರಬಹುದು.

ಮೊಣಕಾಲು ಸದ್ದಾಗಿ ಊದಿದರೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಕೂಡಿಸುವುದು ಸಲ್ಲದು. ತಣ್ಣನೆಯ ಪಟ್ಟಿ ಇಟ್ಟು ಮೂಳೆತಜ್ಞರಲ್ಲಿಗೆ ಕರೆದೊಯ್ಯಿರಿ. ಹರಿದ ರಜ್ಜುವಿಗೆ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅಭ್ಯಂಗಾದಿಗಳು ಊತ ಇಳಿದ ಮೇಲೆ, ವೈದ್ಯರ ಸಲಹೆಯಂತೆ. ಶಸ್ತ್ರಚಿಕಿತ್ಸೆಯಾದವರು ಒಂಬತ್ತು ತಿಂಗಳಿಗೆ ಮುನ್ನ ಮೈದಾನಕ್ಕೆ ಇಳಿಯಬಾರದು.

ಒಮ್ಮೆ ಬಿದ್ದಳೆಂದು ಮಗಳನ್ನು ಆಟದಿಂದ ಬಿಡಿಸುವುದು ಚಿಕಿತ್ಸೆಯಲ್ಲ. ಗಾಯ ಮಾಗಲು ಬೇಕಾದ ಕಾಲವನ್ನು ಅವಳಿಗೆ ಕೊಡಿರಿ.